ಖಜಾಂಚಿ ವರದಿ ಕೊನೆಗೂ ಹದಕ್ಕೆ ಬಂತು

ಈ ಸಲದ ಬೋರ್ಡ್ ಮೀಟಿಂಗಿನಲ್ಲಿ ಹಣಕಾಸು ವರದಿ ಕಾಲು ಗಂಟೆಯಲ್ಲಿ ಮುಗಿಯಿತು! ಸೇವಾಸಂಸ್ಥೆಗಳ ಆಡಳಿತ ಮಂಡಳಿಯಲ್ಲಿ ಕೂತು ಸವೆದವರಿಗೆ ಇದೆಂಥ ಗೆಲುವು ಅಂತ ವಿವರಿಸಬೇಕಿಲ್ಲ.

ಕೋರಂ, ನೋಟಿಸು, ನಡಾವಳಿ ಎಲ್ಲ ನಿಮಗೆ ಗೊತ್ತಿದ್ದದ್ದೇ, ಬಿಡಿ. ಕನ್ಸೆಂಟ್ ಅಜೆಂಡಾವೂ, ಅಂದರೆ ಮಾಮೂಲಿ ವಿಷಯಗಳನ್ನೆಲ್ಲ ಚರ್ಚೆಯಿಲ್ಲದೆ ಒಟ್ಟಿಗೇ ಒಪ್ಪಿಬಿಡುವ ಪಟ್ಟಿಯೂ, ಜಾರಿಯಲ್ಲಿತ್ತು. ಆದರೆ ಅದರಲ್ಲಿನ ಯಾವ ಐಟಂ ಅನ್ನಾದರೂ ಒಬ್ಬ ಸದಸ್ಯರು ಕೇಳಿದರೆ ಸಾಕು, ಮತಕ್ಕೂ ಹಾಕದೆ ಚರ್ಚೆಗೆ ತೆಗೆಯಬೇಕು. ಹಣಕಾಸು ವರದಿ ಪ್ರತಿ ಸಲವೂ ಹೀಗೇ ಹೊರಗೆ ಬರುತ್ತಿತ್ತು. ಆಮೇಲೆ ಸ್ಟೇಷನರಿ ಖರ್ಚಿನ ಮೇಲೆ ಮಹಾಯುದ್ಧ. ಮುಗಿಯುತ್ತಿರುವ ಅನುದಾನದ ಬಗ್ಗೆ ಚಕಾರವಿಲ್ಲ.

ಬಜೆಟ್‌ಗಿಂತ 10% ಆಚೀಚೆ ಹೋದ ಬಾಬತ್ತುಗಳನ್ನು ಮಾತ್ರ ತೋರಿಸಿದರೆ ಸರಿಹೋದೀತು ಅನ್ನಿಸಿತ್ತು. ಊಹೂಂ. ಸಣ್ಣ ಬಾಬತ್ತಿಗೆ ನಾಲ್ಕು ರಿಮ್ ಕಾಗದ ಹೆಚ್ಚಾದರೂ 10% ದಾಟುತ್ತದೆ, ಸ್ಟೇಷನರಿಯೇ ಮತ್ತೆ ಮೊದಲ ಸಾಲಿನಲ್ಲಿ ರಾರಾಜಿಸಿತು. ಹಾಗಾಗಿ ಎರಡು ಜರಡಿ: ಶೇಕಡಾವಾರೂ ದಾಟಿರಬೇಕು, ನಿಗದಿತ ಮೊತ್ತವೂ ದಾಟಿರಬೇಕು. ಆಗ ವಿಮೆಯ ಕಂತು ತಲೆ ಎತ್ತಿತು. ವರ್ಷದ ಪ್ರೀಮಿಯಂ ಒಂದೇ ತಿಂಗಳಲ್ಲಿ ಕಟ್ಟುತ್ತೇವೆ, ಬಜೆಟ್ಟನ್ನು ಮಾತ್ರ ಹನ್ನೆರಡಕ್ಕೆ ಸಮನಾಗಿ ಭಾಗಿಸಿಟ್ಟಿದ್ದರು. ಖರ್ಚು ಬೀಳುವ ತಿಂಗಳಿಗೇ ಬಜೆಟ್ ಹಂಚಿದ ಮೇಲೆ ಪಟ್ಟಿ ಮೂರು ಸಾಲಿಗೆ ಇಳಿಯಿತು, ಪ್ರತಿ ಸಾಲಿಗೂ ಒಂದು ವಾಕ್ಯದ ಕಾರಣ.

ನಿಜವಾದ ಮದ್ದು ಇದ್ದದ್ದು ಆ ಪಟ್ಟಿಯ ಮೇಲೆ ಹಾಕಿದ ಒಂದು ಸಾಲಿನಲ್ಲಿ: ನಿರ್ದಿಷ್ಟ ಯೋಜನೆಗೆಂದೇ ದಾನಿಗಳು ಕೊಟ್ಟದ್ದನ್ನು ಕಳೆದರೆ, ಕೈಯಲ್ಲಿರುವ ಹಣ ಎಷ್ಟು ತಿಂಗಳ ಖರ್ಚಿಗೆ ಸಾಲುತ್ತದೆ? ಬ್ಯಾಂಕ್ ಬ್ಯಾಲೆನ್ಸ್ ದಪ್ಪಗಿತ್ತು, ಈ ಅಂಕಿ ಸಣಕಲು. ಕಾಗದದ ರಿಮ್ಮು ಎಲ್ಲರಿಗೂ ಮರೆತೇ ಹೋಯಿತು. ಉಳಿದ ಸಮಯವೆಲ್ಲ ಹೊಸ ದಾನಿಗಳ ಚರ್ಚೆಗೆ.

ವರದಿಗಳು ತಡವಾಗಿ ಬರುವ ಗೋಳು ಮಾತ್ರ ತಪ್ಪಿಲ್ಲ. ಉಪಸಮಿತಿಗಳ ವರದಿ ಮೀಟಿಂಗಿನ ಹಿಂದಿನ ರಾತ್ರಿಯೇ ಬರಬೇಕೆಂದು ಯಾರೋ ಹರಕೆ ಹೊತ್ತಂತಿದೆ. ಮೀಟಿಂಗ್ ಸಾಫ್ಟ್‌ವೇರ್ ಮಾರುವವರೊಬ್ಬರು 'ಎಲ್ಲ ಒಂದೇ ಕ್ಲಿಕ್ಕಿನಲ್ಲಿ' ಅಂದರು. ಆ ಕ್ಲಿಕ್ಕಿಗೆ ತಲೆಗಿಷ್ಟು ಅಂತ ದುಡ್ಡು. ವರದಿಗಳನ್ನು ಹಾಕಿಡೋಕೆ ಎಲ್ಲರೂ ಹಂಚಿಕೊಂಡ ಫೋಲ್ಡರೇ ಸಾಕು.

ಮುಂದಿನದು ಟ್ರಸ್ಟಿಗಳ, ಅಂದರೆ ಮಂಡಳಿ ಸದಸ್ಯರ, ಅವಧಿ. ಎಲ್ಲರದೂ ಒಂದೇ ವರ್ಷದಲ್ಲಿ ಮುಗಿಯುವುದರಿಂದ ಅನುಭವವೆಲ್ಲ ಒಟ್ಟಿಗೆ ಖಾಲಿ. ಮೂರು ತಂಡ ಮಾಡಿ ವರ್ಷಕ್ಕೊಂದು ತಂಡ ನಿವೃತ್ತಿಯಾಗುವಂತೆ ಬೈಲಾ (ಸಂಸ್ಥೆಯ ನಿಯಮಾವಳಿ) ತಿದ್ದಬೇಕು. ಮೊದಲ ವರ್ಷ ಹೊರಡುವವರು ಯಾರು? ಚೀಟಿ ಎತ್ತುವುದೇ ವಾಸಿ ಅಂತ ಕರಡಿನಲ್ಲಿ ಬರೆದಿದ್ದೇನೆ, ಅಧ್ಯಕ್ಷರಿಗೆ ಇನ್ನೂ ತೋರಿಸಿಲ್ಲ.