ಬುದ್ಧನೇ ಇಲ್ಲವಲ್ಲ, ಇದು ಬೌದ್ಧ ನಾಣ್ಯ ಹೇಗೆ?

ನನ್ನ ಹತ್ತಿರ ಇರುವ, ಮ್ಯಾನ್ಮಾರ್ ಕಡೆಯ ಹಳೇ ಪ್ಯೂ ಬೆಳ್ಳಿ ನಾಣ್ಯಗಳನ್ನು ನೋಡಿದವರು ಹೆಚ್ಚುಕಡಿಮೆ ಎಲ್ಲರೂ ಕೇಳುವುದು ಇದನ್ನೇ: "ಬೌದ್ಧ ನಾಣ್ಯ ಅಂತೀರಿ, ಬುದ್ಧ ಎಲ್ಲಿ?"

ಬುದ್ಧ ಇಲ್ಲ. ರಾಜನ ಮುಖ ಇಲ್ಲ, ಒಂದಕ್ಷರವೂ ಇಲ್ಲ. ಒಂದು ಕಡೆ ಅರ್ಧ ಮೇಲೆದ್ದ ಸೂರ್ಯ, ಕಿರಣಗಳು, ಅಂಚಿಗೆ ಮುತ್ತಿನ ಸರದಂತೆ ಚುಕ್ಕಿಗಳು. ಇನ್ನೊಂದು ಕಡೆ ನಡುವೆ ದೊಡ್ಡದಾಗಿ ಶ್ರೀವತ್ಸ ಅನ್ನುವ ಮಂಗಳ ಗುರುತು, ಜೊತೆಗೆ ಸ್ವಸ್ತಿಕ ಮತ್ತು ಡಮರುವಿನ ಹಾಗೆ ಕಾಣುವ ಭದ್ರಪೀಠ, ಅಂದರೆ ಮಂಗಳದ ಆಸನ. ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತ ಅಗಲ, ಆದರೆ ತೆಳು.

ಪ್ಯೂ ಜನ ಈಗಿನ ಮ್ಯಾನ್ಮಾರ್‌ನ ಐರಾವತಿ ನದಿಯ ಬಯಲಿನವರು. ಅವರು ಕಟ್ಟಿದ ಹಲಿನ್, ಬೈಕ್ಥಾನೋ, ಶ್ರೀಕ್ಷೇತ್ರ ಊರುಗಳು 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಶ್ರೀಕ್ಷೇತ್ರದ ಇಟ್ಟಿಗೆ ಸ್ತೂಪಗಳು ಇವತ್ತಿಗೂ ನಿಂತಿವೆ. ಅಲ್ಲೇ ಹತ್ತಿರ ಮೌಂಗನ್‌ನಲ್ಲಿ 1897ರಲ್ಲಿ ಎರಡು ಚಿನ್ನದ ತಗಡು ಸಿಕ್ಕವು. ಅವುಗಳ ಮೇಲೆ ಇರುವುದು ಪಾಲಿಯ ಬೌದ್ಧ ಸಾಲುಗಳು. ಅದರ ಲಿಪಿಯನ್ನು ವಿದ್ವಾಂಸರು ನಮ್ಮ ಬನವಾಸಿ ಕದಂಬರ ಲಿಪಿಗೆ ಹೋಲಿಸಿದ್ದಾರೆ. ಇದನ್ನು ಮೊದಲ ಸಲ ಓದಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಹಾಗಾಗಿ ಆ ಊರಿನಲ್ಲಿ ಬೌದ್ಧರಿದ್ದರು ಅನ್ನುವುದನ್ನು ಹೇಳುವುದು ಸ್ತೂಪ, ತಗಡುಗಳು. ನಾಣ್ಯ ಒಂದೇ ಅದನ್ನು ಹೇಳಲಾರದು. ಶ್ರೀವತ್ಸ ವಿಷ್ಣುವಿನ ಎದೆಯ ಮೇಲೂ ಇದೆ, ಉತ್ತರ ಭಾರತದ ತೀರ್ಥಂಕರರ ಎದೆಯ ಮೇಲೂ ಇದೆ. ಸ್ವಸ್ತಿಕ ಯಾರೊಬ್ಬರದೂ ಅಲ್ಲ, ನಮ್ಮ ಹೊಸ್ತಿಲ ರಂಗೋಲಿಯಲ್ಲೂ ಬರುತ್ತೆ ಅಲ್ವಾ? ಸಿರಿ, ಸಮೃದ್ಧಿ ಬೇಡುವ ಗುರುತುಗಳು ಇವು. ಮಾರುವವರು ಸುಮ್ನೆ "ಬೌದ್ಧ" ಅಂತ ಚೀಟಿ ಅಂಟಿಸುತ್ತಾರೆ. ನಾನು ನನ್ನ ಪುಸ್ತಕದಲ್ಲಿ "ಬೌದ್ಧರಿದ್ದ ಊರಿನ ನಾಣ್ಯ" ಅಂತ ಬರೆದುಕೊಂಡಿದ್ದೇನೆ.

ಥಾಯ್ಲೆಂಡ್‌ನ ನಖೋನ್ ಪಥೋಮ್‌ನಲ್ಲಿ ಸಿಕ್ಕ ಬೆಳ್ಳಿ ಬಿಲ್ಲೆಗಳ ಮಾತು ಬೇರೆ. ಅವುಗಳ ಮೇಲೆ ಸಂಸ್ಕೃತದಲ್ಲಿ "ಶ್ರೀದ್ವಾರವತೀಶ್ವರಪುಣ್ಯ" ಅಂತಲೇ ಇದೆ. ದ್ವಾರವತಿ ಅನ್ನುವ ಅಲ್ಲಿನ ಹಳೇ ರಾಜ್ಯದ ದೊರೆ ಮಾಡಿದ ಪುಣ್ಯ ಅಂತ ಅರ್ಥ. ಅಲ್ಲಿ ಬರಹವೇ ಮಾತಾಡುತ್ತೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ತುಂಡು ನಾಣ್ಯಗಳು. ಸೂರ್ಯನ ನಾಣ್ಯಗಳನ್ನು ಅರ್ಧ, ಕಾಲು, ಇನ್ನೂ ಚಿಕ್ಕದಾಗಿ ಕತ್ತರಿಸಿ ಚಿಲ್ಲರೆ ಮಾಡಿಕೊಳ್ಳುತ್ತಿದ್ದರು. ಟಾಂಗ್ ವಂಶದ ಚೀನೀ ಇತಿಹಾಸ ಪ್ಯೂ ಜನರ ಚಿನ್ನ ಬೆಳ್ಳಿಯ ಹಣ ಅರ್ಧಚಂದ್ರದ ಆಕಾರದ್ದು ಅನ್ನುತ್ತೆ. ಬರೆದವರು ನೋಡಿದ್ದು, ಕೇಳಿದ್ದು ಈ ಅರ್ಧ ತುಂಡುಗಳನ್ನೇ ಇರಬಹುದು ಅಂತ ನನ್ನ ಊಹೆ.

ನನ್ನಲ್ಲಿರುವ ಒಂದು ಕಾಲು ತುಂಡಿನಲ್ಲಿ ಎರಡು ಕಿರಣ, ಅಂಚಿನ ಐದು ಚುಕ್ಕಿ ಉಳಿದಿವೆ. ಹಿಂದುಗಡೆ ಶ್ರೀವತ್ಸದ ಒಂದು ಬಳುಕು. ಕತ್ತರಿಸಿದ ಬದಿ ಬೆರಳಿಗೆ ಇನ್ನೂ ಸ್ವಲ್ಪ ಚುಚ್ಚುತ್ತೆ. ಪ್ರಶ್ನೆ ಕೇಳಿದವರ ಕೈಗೆ ನಾನು ಮೊದಲು ಕೊಡುವುದು ಅದನ್ನೇ.