ಲ್ಯಾಬ್ರಡಾರ್ ಹತ್ತು ಹೆಜ್ಜೆ ದಾರಿ ಬಿಟ್ಟ ಬೆಳಿಗ್ಗೆ

ಜೂನ್ ತಿಂಗಳ ಒಂದು ಬೆಳಿಗ್ಗೆ. ನನ್ನ ಜೊತೆಗಿದ್ದ ಲ್ಯಾಬ್ರಡಾರ್ ದಾರಿ ಬಿಟ್ಟು ಹತ್ತು ಹೆಜ್ಜೆ ಒಳಗೆ ಹೋಯಿತು. ಅಷ್ಟೇ. ಏನನ್ನೂ ಅಟ್ಟಿಸಿಕೊಂಡು ಹೋಗಲಿಲ್ಲ, ಬೊಗಳಲಿಲ್ಲ. ಸುಮ್ನೆ ನೆಲ ಮೂಸುತ್ತಿತ್ತು. ಅದರ ಮೂಗಿನ ಮುಂದಿನಿಂದಲೇ ಒಣಗಿದೆಲೆಯ ಬಣ್ಣದ ಹಕ್ಕಿಯೊಂದು ಸದ್ದಿಲ್ಲದೆ ಎದ್ದಿತು. ಸ್ವಲ್ಪ ದೂರ ಹೋಗಿ ನೆಲಕ್ಕೆ ಬಿದ್ದು, ರೆಕ್ಕೆ ಮುರಿದ ಹಾಗೆ ಹೊರಳಾಡತೊಡಗಿತು. ಪಾಪ, ಗಾಯವಾಗಿರಬೇಕು ಎಂದು ನಾನು ಹತ್ತಿರ ಹೋದೆ. ನಾಯಿಯ ಲೀಶ್ ಬಿಚ್ಚಿದ್ದು ಮೊದಲ ತಪ್ಪು, ಇದು ಎರಡನೆಯದು.

ಬೇರೆಯವರ ನಾಯಿಗಳನ್ನು ವಾಕಿಂಗ್ ಕರೆದೊಯ್ಯುವುದು ನನ್ನ ಕೆಲಸ. ಇರುವುದು ಇಂಗ್ಲೆಂಡಿನ ಸರ್ರೇಯಲ್ಲಿ. ಹತ್ತಿರದಲ್ಲೇ ಚೋಬಮ್ ಕಾಮನ್ ಎಂಬ ರಕ್ಷಿತ ಪ್ರದೇಶವಿದೆ. ಇದು ಹೀತ್‌ಲ್ಯಾಂಡ್, ಅಂದರೆ ಸಾರವಿಲ್ಲದ ಮರಳು ಮಣ್ಣಿನ ಬಯಲು. ಮೊಣಕಾಲೆತ್ತರದ ಹೆದರ್ ಗಿಡಗಳು, ಹಳದಿ ಹೂವಿನ ಗೋರ್ಸ್ ಮುಳ್ಳುಪೊದೆ, ಅಂಚಿನಲ್ಲಿ ಬರ್ಚ್ ಮತ್ತು ಪೈನ್ ಕಾಡು. ಮೊದಲ ಸಲ ನೋಡಿದಾಗ ನಮ್ಮ ಕುರುಚಲು ಕಾಡು ನೆನಪಾಗಿತ್ತು. ಯಾರಿಗೂ ಬೇಡದ ಖಾಲಿ ಜಾಗ, ನಾಯಿಗಳು ಆರಾಮಾಗಿ ಓಡಲಿ ಅಂದುಕೊಂಡಿದ್ದೆ.

ಆ ದಿನ ದೂರದಿಂದ ನೋಡಿದ ವಾರ್ಡನ್ ಒಬ್ಬರು ಬೇಗ ಬೇಗ ಬಂದರು. "ನೀವು ಇಲ್ಲಿ ನಿಂತಷ್ಟು ಹೊತ್ತು ಅದು ಮೊಟ್ಟೆ ಹತ್ತಿರ ಬರಲ್ಲ. ಮೊದಲು ಹೊರಡೋಣ, ಆಮೇಲೆ ಮಾತು," ಅಂದರು. ಬೈಯಲಿಲ್ಲ. ನಡೆಯುತ್ತಾ ವಿವರಿಸಿದರು. ಅದು ನೈಟ್‌ಜಾರ್. ನಮ್ಮ ನತ್ತಿಂಗದ ಬಂಧು. ಸಹಾರಾದ ಆಚೆಯಿಂದ ಮೇ ಹೊತ್ತಿಗೆ ಬರುತ್ತದೆ. ಗೂಡು ಕಟ್ಟುವುದಿಲ್ಲ, ಬರೀ ನೆಲದ ಮೇಲೆ ಎರಡು ಮೊಟ್ಟೆ ಇಡುತ್ತದೆ. ಹಕ್ಕಿ ಮೇಲೆ ಕೂತಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಎದ್ದರೆ ಮಸುಕು ಬಿಳಿಯ ಮೊಟ್ಟೆಗಳು ಬಯಲಾಗುತ್ತವೆ, ಕಾಗೆಗೆ ಅಷ್ಟು ಸಾಕು. ಆ ರೆಕ್ಕೆ ಮುರಿದ ನಾಟಕ ನಮ್ಮನ್ನು ಮೊಟ್ಟೆಯಿಂದ ದೂರ ಎಳೆಯಲು.

ನನಗೆ ಅಪ್ಪನ ನೆನಪಾಯಿತು. ಹೊಲದಲ್ಲಿ ಟಿಟ್ಟಿಭ ಮೊಟ್ಟೆ ಇಟ್ಟರೆ ಅವರು ಅಷ್ಟು ಜಾಗ ಬಿಟ್ಟು ನೇಗಿಲು ಹೊಡೆಯುತ್ತಿದ್ದರು. ಆದರೆ ಟಿಟ್ಟಿಭ ತಲೆಯ ಮೇಲೆ ಹಾರಾಡಿ ಕಿರುಚಿ ಹೇಳುತ್ತದೆ. ನೈಟ್‌ಜಾರ್ ಹೇಳುವುದಿಲ್ಲ. ಮೂಗು ತಾಗುವಷ್ಟು ಹತ್ತಿರ ಬರುವವರೆಗೂ ಅಲುಗಾಡದೆ ಕೂತಿರುತ್ತದೆ. ಹಾಗಾಗಿ "ನಮ್ಮ ನಾಯಿ ಸಾಧು, ಯಾರಿಗೂ ಏನೂ ಮಾಡಲ್ಲ" ಎನ್ನುವ ಮಾತಿಗೆ ಇಲ್ಲಿ ಅರ್ಥವಿಲ್ಲ. ಆ ಲ್ಯಾಬ್ರಡಾರ್‌ನಷ್ಟು ಸಾಧು ನಾಯಿಯನ್ನು ನಾನು ನೋಡಿಲ್ಲ.

ಈ ಬಯಲು ಥೇಮ್ಸ್ ಬೇಸಿನ್ ಹೀತ್ಸ್ ಎಂಬ ಸಂರಕ್ಷಿತ ಪ್ರದೇಶದ ಭಾಗ. 2005ರಲ್ಲಿ ಘೋಷಿಸಿದ್ದು. ಸರ್ರೇ, ಹ್ಯಾಂಪ್‌ಶೈರ್, ಬರ್ಕ್‌ಶೈರ್‌ಗಳಲ್ಲಿ ಒಟ್ಟು 8,200 ಹೆಕ್ಟೇರ್‌ಗೂ ಜಾಸ್ತಿ ಇದೆ, ಆದರೆ ತುಂಡು ತುಂಡಾಗಿ, ಊರುಗಳ ನಡುವೆ. ಇದನ್ನು ಕಾಪಾಡುತ್ತಿರುವುದು ಮುಖ್ಯವಾಗಿ ಮೂರು ಹಕ್ಕಿಗಳಿಗಾಗಿ: ನೈಟ್‌ಜಾರ್, ವುಡ್‌ಲಾರ್ಕ್, ಡಾರ್ಟ್‌ಫರ್ಡ್ ವಾರ್ಬ್ಲರ್. ಮೂರೂ ನೆಲದಲ್ಲಿ ಅಥವಾ ನೆಲಕ್ಕೆ ತೀರಾ ಹತ್ತಿರ ಮರಿ ಮಾಡುತ್ತವೆ. 1962–63ರ ಕೊರೆಯುವ ಚಳಿ ಮುಗಿದಾಗ ಇಡೀ ಬ್ರಿಟನ್‌ನಲ್ಲಿ ಡಾರ್ಟ್‌ಫರ್ಡ್ ವಾರ್ಬ್ಲರ್ ಉಳಿದಿದ್ದು ಸುಮಾರು ಹತ್ತೇ ಜೋಡಿ. ಅಲ್ಲಿಂದ ಮತ್ತೆ ಚೇತರಿಸಿಕೊಂಡ ಹಕ್ಕಿ ಅದು.

ಇಂಗ್ಲೆಂಡಿನಲ್ಲಿ ಜನರಿಗೆ ತೆರೆದಿರುವ ಬಹುತೇಕ ಬಯಲುಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿ 2 ಮೀಟರ್ ಮೀರದ ಲೀಶ್‌ನಲ್ಲಿರಬೇಕು. ಇದು 2000ದ ಕಾಯ್ದೆ. ನಾನು ಸೆಪ್ಟೆಂಬರ್ ಮಧ್ಯದವರೆಗೂ ಬಿಚ್ಚುವುದಿಲ್ಲ, ಯಾಕೆಂದರೆ ಆಗಸ್ಟ್‌ನಲ್ಲೂ ತಡವಾಗಿ ಹುಟ್ಟಿದ ಮರಿಗಳಿರುತ್ತವೆ. ಮರದ ನೆರಳಿನ ಕಡೆ ಬಿಟ್ಟರಾಯಿತು ಎನ್ನುವಂತೆಯೂ ಇಲ್ಲ. ಮರ ಕಡಿದ ಜಾಗ, ಕಾಡಿನ ಅಂಚು ಇವೇ ನೈಟ್‌ಜಾರ್‌ಗೆ ಇಷ್ಟ. ಇದರಲ್ಲಿ ನಾಯಿಯ ಒಳ್ಳೆಯದೂ ಇದೆ. ವಸಂತದಲ್ಲಿ ಆ್ಯಡರ್ ಎಂಬ ವಿಷದ ಹಾವು ಬಿಸಿಲಿಗೆ ಬಂದು ಮಲಗಿರುತ್ತದೆ, ಮೂಸಲು ಹೋದ ನಾಯಿಯ ಮೂತಿಗೇ ಕಚ್ಚುತ್ತದೆ.

ನಾಯಿಯ ಮಲದ ವಿಷಯ ನನಗೆ ತಡವಾಗಿ ತಲೆಗೆ ಹೋಯಿತು. ಹೊಲದಲ್ಲಿ ಬೆಳೆದವರಿಗೆ ಗೊಬ್ಬರ ಬಿದ್ದರೆ ನೆಲ ಕೆಡುತ್ತದೆ ಎಂದರೆ ನಂಬಿಕೆ ಬರುತ್ತದೆಯೇ? ಆದರೆ ಈ ಮಣ್ಣು ಬಡವಾಗಿದ್ದರೇ ಹೆದರ್ ಉಳಿಯುವುದು. ರಂಜಕ, ಸಾರಜನಕ ಸೇರಿದರೆ ಹುಲ್ಲು ಎದ್ದು ಹೆದರ್ ಮುಚ್ಚಿಹೋಗುತ್ತದೆ. ಹಾಗಾಗಿ ಒಂದೂ ಬಿಡದೆ ಚೀಲಕ್ಕೆ ಹಾಕಿ ಮನೆಗೆ ತರುತ್ತೇನೆ. ಕೊಳಕ್ಕೂ ನಾಯಿ ಇಳಿಸುವುದಿಲ್ಲ. ಬೆನ್ನಿಗೆ ಹಾಕುವ ಕೆಲವು ಚಿಗಟದ ಔಷಧಿಗಳಲ್ಲಿ ಇಮಿಡಾಕ್ಲೊಪ್ರಿಡ್ ಎಂಬ ಕೀಟನಾಶಕ ಇರುತ್ತದೆ. ನಮ್ಮಲ್ಲಿ ಹತ್ತಿಗೆ, ಭತ್ತಕ್ಕೆ ಹೊಡೆಯುವುದು ಅದನ್ನೇ ಅಲ್ವಾ? ಏರೋಪ್ಲೇನ್ ಚಿಟ್ಟೆಯ ಮರಿಗಳು ಬೆಳೆಯುವ ನೀರಿಗೆ ಅದು ಸೇರಬಾರದು.

ಕಷ್ಟವಾಗಿದ್ದು ನಾಯಿಗಳ ಮಾಲೀಕರಿಗೆ ಹೇಳುವುದು. "ಓಡಲಿ ಅಂತಲೇ ದುಡ್ಡು ಕೊಡೋದು" ಎಂದು ಇಬ್ಬರು ನನ್ನನ್ನು ಬಿಟ್ಟರು. ಉಳಿದವರ ನಾಯಿಗಳನ್ನು ಮಾರ್ಚ್ ಬಂತೆಂದರೆ ಓಡಿಸಲು ಬೇರೆ ಕಡೆ ಕರೆದೊಯ್ಯುತ್ತೇನೆ. ಇಲ್ಲಿ ಹೊಸ ಬಡಾವಣೆ ಕಟ್ಟುವಾಗ ಹೀತ್ ಮೇಲಿನ ಒತ್ತಡ ತಗ್ಗಿಸಲು ಸಾವಿರ ಜನಕ್ಕೆ 8 ಹೆಕ್ಟೇರ್ ಲೆಕ್ಕದಲ್ಲಿ ಬದಲಿ ಹಸಿರು ಜಾಗ ಒದಗಿಸಬೇಕು. ಇದಕ್ಕೆ 'ಸ್ಯಾಂಗ್' ಎಂದು ಹೆಸರು. ಅಲ್ಲಿ ನಾಯಿಗಳು ಮನಸಾರೆ ಓಡುತ್ತವೆ. ಈ ವ್ಯವಸ್ಥೆಯ ಬಗ್ಗೆ ನನಗೆ ನಿಜವಾದ ಗೌರವವಿದೆ. ಬರೀ "ಬೇಡ" ಅನ್ನದೆ ಇನ್ನೊಂದು ಜಾಗ ತೋರಿಸುತ್ತದೆ.

ಲ್ಯಾಬ್ರಡಾರ್‌ನ ಯಜಮಾನಿಗೆ ನಡೆದದ್ದೆಲ್ಲ ಅಂದೇ ಹೇಳಿದ್ದೆ. ಮರುವರ್ಷ ಜೂನ್‌ನಲ್ಲಿ ಅವರೇ ಕೇಳಿದರು, ನಾಯಿಯನ್ನು ಮನೆಯಲ್ಲಿ ಬಿಟ್ಟು ಇಬ್ಬರೂ ಹೋದೆವು. ಹೊತ್ತು ಮುಳುಗಿ ಅರ್ಧ ಗಂಟೆಗೆ ಪೈನ್ ಮರದ ಕಡೆಯಿಂದ ಆ ದನಿ ಶುರುವಾಯಿತು. ರಾಟೆ ತಿರುಗಿದ ಹಾಗೆ, ನಿಲ್ಲದ ಗುರ್ರ್ ಸದ್ದು. ಹಿಂದಿನ ವರ್ಷದ ಆ ಎರಡು ಮೊಟ್ಟೆ ಏನಾದವು ಎಂದು ಅವರು ಮೆಲ್ಲಗೆ ಕೇಳಿದರು. ನಾನು ನೋಡಲು ಹೋಗಿರಲಿಲ್ಲ. ಹೋಗಿದ್ದರೆ ಹಕ್ಕಿ ಮತ್ತೊಮ್ಮೆ ಏಳಬೇಕಾಗುತ್ತಿತ್ತು.