ಎಡಿಪಿ ಹಾಕಿದರೂ ಏಳದ ಗೆರೆ

ಇಲಿಯ ಕಾಲಿನ ಸೋಲಿಯಸ್ ಸ್ನಾಯುವಿನ ಎಳೆಗಳು, ಆಮ್ಲಜನಕ ಬಳಕೆ ಅಳೆಯುವ ರೆಸ್ಪಿರೋಮೀಟರಿನ ಎರಡೂ ಚೇಂಬರುಗಳಲ್ಲಿದ್ದವು, ತಲಾ 2 ಮಿಲಿಗ್ರಾಂ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಆಹಾರವಾದ ಪೈರುವೇಟ್, ಮ್ಯಾಲೇಟ್ ಆದ ಮೇಲೆ, ಅದನ್ನು ಕೆಲಸಕ್ಕೆ ಹಚ್ಚುವ ಎಡಿಪಿ ಬಿತ್ತು. ಬಲಗಡೆ ಆಮ್ಲಜನಕ ಬಳಕೆ ಸರಕ್ಕನೆ ಏರಿತು. ಎಡಗಡೆಯ ಗೆರೆ ಮಾತ್ರ ಮಲಗಿಯೇ ಇತ್ತು.

ಇಂಥ ಹೊತ್ತಿನಲ್ಲಿ ಮೈಟೊಕಾಂಡ್ರಿಯ ಕೆಟ್ಟಿದೆ ಎಂದು ಬರೆದು ಮುಗಿಸುವುದು ಅನ್ಯಾಯ. ಒಂದು ಪ್ರಾಣಿಯ ಜೀವ ಹೋಗಿರುತ್ತದೆ. ಆ ಸ್ಯಾಂಪಲ್ ಹೇಳುವುದನ್ನು ಕೊನೆಯವರೆಗೆ ಕೇಳಬೇಕು.

ಎಲ್ಲರ ಕಣ್ಣೂ ಮೊದಲು ಹೋಗುವುದು, ಹಾಕಿದ್ದು ಒಳಗೆ ಇಳಿಯಲೆಂದು ಎಳೆಗಳನ್ನು ಮೊದಲೇ ನೆನೆಸುವ ಸಪೋನಿನ್ ಕಡೆಗೆ. ಮಿಲಿಲೀಟರಿಗೆ 50 ಮೈಕ್ರೋಗ್ರಾಂ, ಐಸ್ ಮೇಲೆ 30 ನಿಮಿಷ. ಕೊಲೆಸ್ಟರಾಲ್ ತುಂಬಿದ ಜೀವಕೋಶದ ಪೊರೆಯನ್ನು ಅದು ತೂತು ಮಾಡುತ್ತದೆ. ಕೊಲೆಸ್ಟರಾಲ್ ಕಡಿಮೆಯಿರುವ ಮೈಟೊಕಾಂಡ್ರಿಯದ ಪೊರೆ ಉಳಿದುಕೊಳ್ಳುತ್ತದೆ. ನನ್ನ ಮಟ್ಟಿಗೆ, ಹೆಚ್ಚಿನ ತೊಂದರೆ ಅದಕ್ಕೂ ಮುಂಚೆ, ಚಿಮಟದ ಕೆಲಸದಲ್ಲೇ ಇರುತ್ತದೆ. ಎಳೆಗಳನ್ನು ಕೆಡದಂತೆ ಕಾಯುವ ತಣ್ಣನೆಯ ಬಯಾಪ್ಸ್ ದ್ರಾವಣದಲ್ಲಿ ಎಳೆ ಬಿಡಿಸುತ್ತಾ ಹೋದಂತೆ ಕೆಂಪು ಕರಗಿ, ತುಣುಕು ಬಲೆಯಂತೆ ಹರಡಿ ಬಿಳಿಚಿಕೊಳ್ಳಬೇಕು. ನಡುವೆ ಕಡುಗೆಂಪು ಗಂಟು ಉಳಿದರೆ ಅಲ್ಲಿಗೆ ಸಪೋನಿನ್ನೂ ಹೋಗದು, ಎಡಿಪಿಯೂ ಹೋಗದು. ಆದರೆ ಎರಡೂ ಚೇಂಬರಿಗೆ ಹೋದದ್ದು ಒಂದೇ ತಟ್ಟೆಯ ಎಳೆಗಳು, ಹಾಗಾಗಿ ಇದೊಂದೇ ಉತ್ತರವಾಗದು.

ಹೊರಪೊರೆ ಹರಿದರೆ ಮೈಟೊಕಾಂಡ್ರಿಯದಿಂದ ಸೋರಿಹೋಗುವ ಪ್ರೋಟೀನ್ ಸೈಟೊಕ್ರೋಮ್ ಸಿ, ಅದನ್ನು 10 ಮೈಕ್ರೋಮೋಲಾರ್ ಹಾಕಿದೆವು. ಮೈಟೊಕಾಂಡ್ರಿಯದ ಹೊರಪೊರೆ ಹರಿದಿದ್ದರೆ ಬಳಕೆ ಎದ್ದು ಕಾಣುವಷ್ಟು ಏರುತ್ತದೆ, ಶೇ. 10–15 ದಾಟಿದರೆ ಆ ಎಳೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಏನೂ ಏರಲಿಲ್ಲ. ಆಮ್ಲಜನಕವೂ 250 ಮೈಕ್ರೋಮೋಲಾರಿನ ಮೇಲೇ ಇತ್ತು. ಅದಕ್ಕಿಂತ ಇಳಿದರೆ ಎಳೆಯ ಒಳಗಿನವರೆಗೆ ಆಮ್ಲಜನಕ ತಲುಪದೆ ಅಂಕಿ ಸುಮ್ಮನೆ ಕಡಿಮೆ ಬರುತ್ತದೆ.

ಉತ್ತರ ಕೊಟ್ಟದ್ದು ಸಕ್ಸಿನೇಟ್ ಎಂಬ ಇನ್ನೊಂದು ಆಹಾರ. 10 ಮಿಲಿಮೋಲಾರ್ ಬಿದ್ದೊಡನೆ ಎಡಗಡೆಯ ಗೆರೆಯೂ ಎದ್ದಿತು. ತೂಕದಲ್ಲಿ ಏರುಪೇರಾಗಿದ್ದರೆ ಎರಡೂ ಆಹಾರಕ್ಕೆ ಬಳಕೆ ಒಂದೇ ಪ್ರಮಾಣದಲ್ಲಿ ತಗ್ಗಬೇಕಿತ್ತು. ಇಲ್ಲಿ ಕಟ್ಟಿಕೊಂಡದ್ದು ಪೈರುವೇಟ್, ಮ್ಯಾಲೇಟ್‌ಗೆ ಬೇಕಾದ, ಸಕ್ಸಿನೇಟ್‌ಗೆ ಬೇಡದ ಕಿಣ್ವ ಕಾಂಪ್ಲೆಕ್ಸ್ 1 ಮಾತ್ರ, ಅದೂ ಒಂದೇ ಚೇಂಬರಿನಲ್ಲಿ. ಹಾಗಾದರೆ ಕಾರಣ, ಹಿಂದಿನ ಪ್ರಯೋಗದಿಂದ ಉಳಿದ, ಕಾಂಪ್ಲೆಕ್ಸ್ 1 ಅನ್ನು ತಡೆಯುವ ರೊಟೆನೋನ್. ಅದು ನೀರಿಗೆ ಕರಗದು. ಮುಚ್ಚಳದ ಸಣ್ಣ ರಂಧ್ರದಲ್ಲೂ ಓ-ರಿಂಗಿನಲ್ಲೂ ಅಂಟಿ ಕೂರುತ್ತದೆ. ಬರೀ ನೀರಿನಲ್ಲಿ ತೊಳೆದರೆ ಬಿಡುವುದಿಲ್ಲ.

ನೀರು, ಆಮೇಲೆ ಶೇ. 70ರ ಎಥನಾಲ್, ಕೊನೆಗೆ ಶುದ್ಧ ಎಥನಾಲ್ ತುಂಬಿ, ಮುಚ್ಚಳ ಹಾಕಿ, ಕಲಕುತ್ತಾ ಅರ್ಧ ಗಂಟೆ ಬಿಟ್ಟೆವು. ಮುಚ್ಚಳದ ರಂಧ್ರಕ್ಕೆ ಸಿರಿಂಜಿನಿಂದ ಬೇರೆಯಾಗಿ ಎಥನಾಲ್ ಹಾಯಿಸಿದೆವು. ಎಥನಾಲ್ ಉಳಿಯದಂತೆ ನೀರಿನಲ್ಲಿ ಮೂರು ಸಲ ತೊಳೆದು, ಉಳಿದ ಎಳೆಗಳನ್ನು ಎಡಗಡೆಗೇ ಹಾಕಿದೆವು. ಈ ಸಲ ಪೈರುವೇಟ್, ಮ್ಯಾಲೇಟ್ ಮೇಲೆಯೇ ಎಡಿಪಿಗೆ ಗೆರೆ ಎದ್ದಿತು, ಬಲಗಡೆಯಷ್ಟೇ.